ಕಣ್ಣಿಗೆ ಕಾಣದ ಓಲಾಟ

ನಿವೃತ್ತನಾದವನನ್ನು ಜನ ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಎರಡೇ. ಆರೋಗ್ಯ ಹೇಗಿದೆ ಎಂಬುದು ಒಂದು, ಹೊತ್ತು ಹೇಗೆ ಕಳೆಯುತ್ತೀರಿ ಎಂಬುದು ಇನ್ನೊಂದು. ಮೂವತ್ತು ವರ್ಷಕ್ಕೂ ಮೀರಿ ಕಾಲೇಜುಗಳಲ್ಲಿ ಕನ್ನಡ ಪಾಠ ಹೇಳಿ, ಈಗ ಚಿಕ್ಕಬಳ್ಳಾಪುರದ ಸೀಮೆಯ ಮಂಡಿಕಲ್ಲಿನಲ್ಲಿ ನೆಲೆ ನಿಂತಿರುವ ನನಗೆ ಕಳೆದ ವರ್ಷ ಮೂರನೆಯ ಪ್ರಶ್ನೆಯೊಂದು ಬಂದಿತು. ಕೇಳಿದವಳು ನೆರೆಮನೆಯ ಹುಡುಗಿ. ಬೆಂಗಳೂರಿನ ಒಂದು ಪ್ರಯೋಗಶಾಲೆಯಲ್ಲಿ ಸಂಶೋಧನೆ ಮಾಡುತ್ತಿದ್ದಾಳೆ. ಅವಳ ತಾಯಿ ಶಿಡ್ಲಘಟ್ಟದಲ್ಲಿ ಹಲವು ವರ್ಷ ರೇಷ್ಮೆ ಬಿಚ್ಚಾಣಿಕೆ ಮಾಡಿ, ಬಿಸಿನೀರಿನಲ್ಲಿ ಬೆರಳು ಬೇಯಿಸಿಕೊಂಡು, ಮಗಳನ್ನು ಓದಿಸಿದವರು.

"ಸಾರ್, ನಾನು ಏನು ಕೆಲಸ ಮಾಡ್ತೀನಿ ಅಂತ ಅಮ್ಮ ಕೇಳ್ತಾನೇ ಇರ್ತಾರೆ. ಲೇಸರ್ ಅಂತೀನಿ. ಅಲ್ಲಿಗೆ ಮಾತು ನಿಂತುಹೋಗುತ್ತೆ. ಕನ್ನಡದಲ್ಲಿ ಹೇಳೋಕೆ ಬರ್ತಿಲ್ಲ. ನೀವೇ ಒಂದು ದಾರಿ ತೋರಿಸಿ" ಎಂದಳು.

ನಾನು ಬೆವರಿದೆ. ಕನ್ನಡದಲ್ಲಿ ಹೇಳಲಾಗದ ವಿಷಯವೇ ಇಲ್ಲವೆಂದು ತರಗತಿಯಲ್ಲಿ ಎಷ್ಟು ಬಾರಿ ಸಾರಿದ್ದೆನೊ ಲೆಕ್ಕವಿಲ್ಲ. ಆ ಮಾತನ್ನು ನಿಜವಾಗಿ ಪರೀಕ್ಷೆಗೆ ಒಡ್ಡಿದವರು ಯಾರೂ ಇರಲಿಲ್ಲ. ಈಗ ಪರೀಕ್ಷಕಿಯೇ ಮನೆ ಬಾಗಿಲಿಗೆ ಬಂದಿದ್ದಳು. ವಿಷಯವೇನಮ್ಮ ಎಂದೆ. ಗಾಜಿನ ಎಳೆಯೊಳಗೆ ಧ್ರುವೀಕೃತ ಬೆಳಕಿನ ಅತ್ಯಲ್ಪಕಾಲಿಕ ಸ್ಪಂದಗಳು ಎಂದಳು. ಒಂದೊಂದು ಪದವೂ ಶುದ್ಧವಾಗಿತ್ತು. ಒಂದಾದರೂ ನನಗೆ ತಿಳಿಯಲಿಲ್ಲ. ಹೀಗಾಗಿ ಮೊದಲು ನಾನು ಅವಳ ವಿದ್ಯಾರ್ಥಿಯಾದೆ. ಆ ಕಲಿಕೆಯ ಸಾರವನ್ನೇ ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲನೆಯ ಪಾಠ ನಡೆದುದು ಕೆರೆಯ ಏರಿಯ ಮೇಲೆ. ಮಳೆ ಆಗಿತ್ತು, ಕೆರೆಯಲ್ಲಿ ನೀರಿತ್ತು. ಸಂಜೆಯ ಬಿಸಿಲು ನೀರಿನ ಮೇಲೆ ಬಿದ್ದು ಕಣ್ಣು ಕೋರೈಸುತ್ತಿತ್ತು. ಅವಳು ತನ್ನ ಕಪ್ಪು ಕನ್ನಡಕವನ್ನು ತೆಗೆದು ನನಗೆ ಕೊಟ್ಟಳು. ಹಾಕಿಕೊಂಡೆ. ನೀರಿನ ಮೇಲಿನ ಝಳಪು ಯಾರೋ ಒರೆಸಿದಂತೆ ಮಾಯವಾಗಿ, ದಡದ ಬಳಿ ತಳದ ಕಲ್ಲುಗಳು ಕಂಡವು. "ಈಗ ತಲೆ ಒಂದು ಪಕ್ಕಕ್ಕೆ ವಾಲಿಸಿ" ಎಂದಳು. ವಾಲಿಸಿದೆ. ಝಳಪು ಮರಳಿ ಬಂತು! ಬರಿಯ ಕಪ್ಪು ಗಾಜಾಗಿದ್ದರೆ ತಲೆ ಹೇಗೆ ವಾಲಿಸಿದರೂ ಒಂದೇ ಆಗಬೇಕಿತ್ತು. ಅಂದಮೇಲೆ ಬೆಳಕಿಗೆ ಬಣ್ಣ ಮತ್ತು ಕಾಂತಿಯಲ್ಲದೆ ಇನ್ನೂ ಒಂದು ಗುಣವಿರಬೇಕು. ಅದಕ್ಕೆ ದಿಕ್ಕಿನೊಡನೆ ಸಂಬಂಧವಿರಬೇಕು.

ಬೆಳಕು ಒಂದು ಅಲೆ. ಸೇದುವ ಹಗ್ಗದ ಒಂದು ತುದಿಯನ್ನು ಕಂಬಕ್ಕೆ ಕಟ್ಟಿ ಇನ್ನೊಂದು ತುದಿಯನ್ನು ಕೈಯಲ್ಲಿ ಹಿಡಿದು ಕೊಡಹಿ ನೋಡಿ. ಅಲೆ ಮುಂದಕ್ಕೆ ಹೋಗುತ್ತದೆ, ಹಗ್ಗ ಮಾತ್ರ ಅಡ್ಡಡ್ಡಲಾಗಿ ಓಲಾಡುತ್ತದೆ. ಕೈಯನ್ನು ಮೇಲೆ ಕೆಳಗೆ ಆಡಿಸಿದರೆ ಓಲಾಟ ಮೇಲೆ ಕೆಳಗೆ. ಎಡಬಲಕ್ಕೆ ಆಡಿಸಿದರೆ ಎಡಬಲಕ್ಕೆ. ಕೈಯನ್ನು ಸುತ್ತ ತಿರುಗಿಸಿದರೆ ಓಲಾಟವೂ ಸುತ್ತು ಸುತ್ತಾಗಿ ಸಾಗುತ್ತದೆ. ಹಗ್ಗವನ್ನು ಕಿಟಕಿಯ ನೆಟ್ಟನೆಯ ಸರಳುಗಳ ನಡುವೆ ಹಾಯಿಸಿದರೆ ಮೇಲೆ ಕೆಳಗಿನ ಓಲಾಟ ದಾಟಿಹೋಗುತ್ತದೆ, ಎಡಬಲದ್ದು ಅಲ್ಲೇ ತಡೆದು ನಿಲ್ಲುತ್ತದೆ. ಸೂರ್ಯನ ಬೆಳಕಿನಲ್ಲಿ ಎಲ್ಲ ದಿಕ್ಕಿನ ಓಲಾಟಗಳೂ ಸಂತೆಯ ಜನದಂತೆ ಬೆರೆತಿರುತ್ತವೆ. ಓರೆಯಾಗಿ ನೀರಿಗೆ ತಾಗಿ ಪ್ರತಿಫಲಿಸಿದಾಗ ನೆಲಕ್ಕೆ ಸಮನಾದ ಓಲಾಟವೇ ಹೆಚ್ಚಾಗಿ ಹೊರಬರುತ್ತದೆ. ಹುಡುಗಿಯ ಕನ್ನಡಕ ನೆಟ್ಟನೆಯ ಓಲಾಟವನ್ನು ಮಾತ್ರ ಬಿಡುವ ಕಿಟಕಿ. ಹೀಗೆ ಓಲಾಟದ ದಿಕ್ಕು ಗೊತ್ತಾಗಿರುವ ಬೆಳಕೇ ಧ್ರುವೀಕೃತ ಬೆಳಕು. ಜೇನುಹುಳು ಆಕಾಶದಲ್ಲಿ ಈ ಗುಣವನ್ನು ಓದಿ ದಾರಿ ಕಂಡುಕೊಳ್ಳುತ್ತದೆ. ನಮ್ಮ ಕಣ್ಣು ಅದರ ಮುಂದೆ ಹೆಚ್ಚುಕಡಿಮೆ ನಿರಕ್ಷರಕುಕ್ಷಿ.

ಕಣ್ಣಿಗೆ ಕಾಣದಿದ್ದರೂ ನಮ್ಮ ತಂದೆಯವರಿಗೆ ಈ ಗುಣ ಕಿವಿಯ ಮೂಲಕ ಪರಿಚಿತವಾಗಿತ್ತು. ರೇಡಿಯೋ ಅಲೆಯೂ ಬೆಳಕಿನ ಕುಲದ್ದೇ. ಸಂಜೆ ವಾರ್ತೆಯ ಹೊತ್ತಿಗೆ ಅವರು ಟ್ರಾನ್ಸಿಸ್ಟರನ್ನು ಜಗಲಿಯ ಮೇಲಿಟ್ಟು, ಧ್ವನಿ ಕ್ಷೀಣಿಸಿದಾಗ ಅದನ್ನು ಮೆಲ್ಲನೆ ತಿರುಗಿಸುತ್ತಿದ್ದರು. ಒಳಗಿದ್ದ ಕಪ್ಪು ಸರಳು ಅಲೆಯ ಕಾಂತೀಯ ಓಲಾಟಕ್ಕೆ ಹೊಂದಿ ನಿಂತ ಕ್ಷಣ ಬೆಂಗಳೂರು ಸ್ಪಷ್ಟವಾಗಿ ಮಾತನಾಡುತ್ತಿತ್ತು. ನಮ್ಮ ಜಿಲ್ಲೆಯ ಗೌರಿಬಿದನೂರಿನ ಬಳಿಯ ರೇಡಿಯೋ ವೀಕ್ಷಣಾಲಯದಲ್ಲಿಯೂ ಸೂರ್ಯನಿಂದ ಬರುವ ಅಲೆಗಳ ಓಲಾಟವನ್ನು ಅಳೆಯುವ ಉಪಕರಣಗಳಿವೆ.

ಧ್ರುವೀಕರಣ ಎಂಬ ಪದದ ಮೇಲೆ ನನಗೆ ಮೊದಲಿನಿಂದಲೂ ಅನುಮಾನವಿತ್ತು. ಬೆಳಕಿಗೆ ಎಲ್ಲಿಯ ಧ್ರುವ? ಹುಡುಕಿದಾಗ ತಿಳಿಯಿತು, ತಪ್ಪು ಕನ್ನಡದ್ದಲ್ಲ. 1808ರ ಒಂದು ಸಂಜೆ ಪ್ಯಾರಿಸ್ಸಿನಲ್ಲಿ ಮಾಲ್ಯುಸ್ ಎಂಬ ಎಂಜಿನಿಯರು, ಒಂದನ್ನು ಎರಡಾಗಿ ತೋರಿಸುವ ಸ್ಫಟಿಕವೊಂದನ್ನು ಹಿಡಿದು, ಲಕ್ಸೆಂಬರ್ಗ್ ಅರಮನೆಯ ಕಿಟಕಿಗಳಲ್ಲಿ ಮಿನುಗುತ್ತಿದ್ದ ಸೂರ್ಯಾಸ್ತವನ್ನು ನೋಡಿದ. ಸ್ಫಟಿಕವನ್ನು ತಿರುಗಿಸಿದಂತೆ ಎರಡು ಬಿಂಬಗಳಲ್ಲಿ ಒಂದು ಮಂಕಾಗುತ್ತಿತ್ತು. ಬೆಳಕು ಕಣಗಳಿಂದಾದುದೆಂದೂ ಆ ಕಣಗಳಿಗೆ ಆಯಸ್ಕಾಂತದಂತೆ ಧ್ರುವಗಳಿವೆಯೆಂದೂ ಎಣಿಸಿ 1811ರಲ್ಲಿ ಅವನು ಈ ಹೆಸರಿಟ್ಟ. ಆ ಎಣಿಕೆ ಬಿದ್ದುಹೋಯಿತು, ಹೆಸರು ಉಳಿಯಿತು. ನಾವು ಅದನ್ನು ನಿಷ್ಠೆಯಿಂದ ಅನುವಾದಿಸಿಕೊಂಡೆವು. ಪಠ್ಯಪುಸ್ತಕಗಳಲ್ಲಿ ನೆಲೆಯೂರಿದ ಪದವನ್ನು ಕೀಳುವ ಅಧಿಕಾರ ನನಗಿಲ್ಲ. ಆದರೆ ತಾಯಿಗೆ ಹೇಳುವಾಗ 'ಓಲಾಟದ ದಿಕ್ಕು' ಎನ್ನು, 'ಸ್ಪಂದ'ದ ಬದಲು 'ಮಿಡಿತ' ಎನ್ನು ಎಂದು ಹುಡುಗಿಗೆ ಸೂಚಿಸಿದೆ. ನನ್ನ ಎಂ.ಎ. ಪದವಿಯ ಮೊದಲ ಪ್ರಯೋಜನ ಅದು.

ಇನ್ನು ಮಿಡಿತದ ವಿಷಯ. 'ನಿಮಿಷ'ವೆಂದರೆ ನಮ್ಮ ಹಿರಿಯರಿಗೆ ಕಣ್ಣೆವೆ ಇಕ್ಕುವ ಹೊತ್ತು. ಈ ಪ್ರಯೋಗಶಾಲೆಗಳವರು ಬಳಸುವ ಕಾಲಮಾನ ಫೆಮ್ಟೊಸೆಕೆಂಡ್. ಒಂದರ ಮುಂದೆ ಹದಿನೈದು ಸೊನ್ನೆಗಳನ್ನಿಟ್ಟರೆ ಎಷ್ಟಾಗುವುದೊ, ಅಷ್ಟು ಫೆಮ್ಟೊಸೆಕೆಂಡುಗಳು ಕೂಡಿ ಒಂದು ಸೆಕೆಂಡು. ಒಂದು ಫೆಮ್ಟೊಸೆಕೆಂಡನ್ನು ಒಂದು ಸೆಕೆಂಡಿನಷ್ಟು ಹಿಗ್ಗಿಸಿದರೆ, ನಮ್ಮ ಒಂದು ಸೆಕೆಂಡು 3 ಕೋಟಿ ವರ್ಷಗಳಿಗೂ ಮಿಕ್ಕು ಹಿಗ್ಗುತ್ತದೆ. ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ಓಡುವ ಬೆಳಕು, 100 ಫೆಮ್ಟೊಸೆಕೆಂಡುಗಳಲ್ಲಿ ತಲೆಗೂದಲಿನ ದಪ್ಪದಷ್ಟು ದೂರವನ್ನೂ ಕ್ರಮಿಸಲಾರದು. ಅಷ್ಟು ಗಿಡ್ಡದಾದ ಬೆಳಕಿನ ಮಿಡಿತವನ್ನು ಮಾಡುವುದು ಹೇಗೆ? ಅದನ್ನು ಕತ್ತರಿಸಬಲ್ಲ ಕತ್ತರಿಯಾಗಲಿ, ಮುಚ್ಚಿ ತೆರೆಯಬಲ್ಲ ಯಾಂತ್ರಿಕ ಕದವಾಗಲಿ ಲೋಕದಲ್ಲಿಲ್ಲ. ಬೆಳಕನ್ನು ಬೆಳಕೇ ಕತ್ತರಿಸಿಕೊಳ್ಳಬೇಕು. ಆ ಉಪಾಯಗಳಲ್ಲೊಂದು ನಾನು ಈಗ ಹೇಳಿದ ಓಲಾಟವನ್ನೇ ನೆಚ್ಚಿಕೊಂಡಿದೆ.

ಸಾಧನ ನೋಡುವುದಕ್ಕೆ ಬಹಳ ಸರಳ. ಗಾಜಿನ ದಪ್ಪ ಸರಳೊಂದನ್ನು 2000 ಡಿಗ್ರಿಯ ಆಸುಪಾಸಿನ ಕುಲುಮೆಯಲ್ಲಿ ಮೆತ್ತಗಾಗಿಸಿ, ರೇಷ್ಮೆಗೂಡಿನಿಂದ ನೂಲೆಳೆದಂತೆ ಎಳೆ ತೆಗೆಯುತ್ತಾರೆ. ಎಳೆಯ ದಪ್ಪ ಒಂದು ಮಿಲಿಮೀಟರಿನ ಎಂಟನೆಯ ಒಂದು ಪಾಲು. ಅದರ ನಟ್ಟನಡುವೆ, ರೇಷ್ಮೆಯ ಒಂಟಿ ಎಳೆಯಷ್ಟೇ ಸಣ್ಣದಾದ ತಿರುಳು. ಬೆಳಕು ಓಡುವುದು ಅದರಲ್ಲಿ. ತಿರುಳಿಗೆ ಎರ್ಬಿಯಮ್ ಅಥವಾ ಇಟರ್ಬಿಯಮ್ ಎಂಬ ಅಪರೂಪದ ಧಾತುವನ್ನು ಚಿಟಿಕೆಯಷ್ಟು ಬೆರೆಸಿ, ಹೊರಗಿನಿಂದ ಬೇರೊಂದು ಬೆಳಕನ್ನು ಉಣಿಸಿದರೆ, ಆ ಧಾತು ಪಡೆದ ಶಕ್ತಿಯನ್ನು ತನ್ನ ಮೂಲಕ ಹಾಯುವ ಬೆಳಕಿಗೆ ಧಾರೆಯೆರೆಯುತ್ತದೆ. ಎಳೆಯ ಎರಡು ತುದಿಗಳನ್ನೂ ಕೂಡಿಸಿ ಉಂಗುರ ಮಾಡಿದರೆ ಬೆಳಕು ಗಾಣದೆತ್ತಿನಂತೆ ಸುತ್ತುತ್ತದೆ, ಸುತ್ತಿದಷ್ಟೂ ಕೊಬ್ಬುತ್ತದೆ. ಹತ್ತು ಮೀಟರಿನ ಉಂಗುರವಾದರೆ ಸೆಕೆಂಡಿಗೆ ಸುಮಾರು 2 ಕೋಟಿ ಸುತ್ತು. ಎಳೆಯೇ ದೇಹವಾಗಿರುವ ಲೇಸರ್ ಇದು.

ಈಗ ಉಪಾಯಕ್ಕೆ ಬರೋಣ. ಗಾಜು ನಿರ್ವಿಕಾರವಾದ ದಾರಿಯಲ್ಲ. ತೀಕ್ಷ್ಣವಾದ ಬೆಳಕು ಹಾಯುವಾಗ ಅದರ ಗುಣ ತುಸು ಬದಲಾಗುತ್ತದೆ. ಬಲವಾದ ವಿದ್ಯುತ್ತಿನ ಪ್ರಭಾವದಲ್ಲಿ ಗಾಜು ಹೀಗೆ ಬದಲಾಗುವುದನ್ನು 1875ರಲ್ಲಿಯೇ ಜಾನ್ ಕೆರ್ ಕಂಡಿದ್ದರು. ಅದರ ಪರಿಣಾಮವಾಗಿ, ಓಲಾಟ ಅಂಡಾಕಾರವಾಗಿ ಸುತ್ತುತ್ತ ಸಾಗುವ ಬೆಳಕಿನಲ್ಲಿ ಆ ಅಂಡದ ವಾಲು ಮೆಲ್ಲಮೆಲ್ಲನೆ ತಿರುಗುತ್ತದೆ. ಎಷ್ಟು ತಿರುಗುತ್ತದೆ ಎಂಬುದು ಕಾಂತಿಯನ್ನು ಅವಲಂಬಿಸಿದೆ: ಪ್ರಖರವಾದ ಭಾಗ ಹೆಚ್ಚು ತಿರುಗುತ್ತದೆ, ಮಂಕಾದ ಭಾಗ ಕಡಿಮೆ. ಉಂಗುರದ ಒಂದೆಡೆ ಹುಡುಗಿಯ ಕನ್ನಡಕದಂಥ ಒಂದು ಕಿಟಕಿಯನ್ನಿಟ್ಟು, ಹೆಚ್ಚು ತಿರುಗಿದ ಓಲಾಟಕ್ಕೆ ಮಾತ್ರ ದಾರಿ ಸಿಗುವಂತೆ ಅದನ್ನು ವಾಲಿಸಿದರೆ ಆಯಿತು. ಮೊದಲಲ್ಲಿ ಉಂಗುರದೊಳಗಿನ ಬೆಳಕಿನಲ್ಲಿ ಆಕಸ್ಮಿಕವಾದ ಏರಿಳಿತಗಳಿರುತ್ತವೆ. ಅವುಗಳಲ್ಲಿ ಎಲ್ಲಕ್ಕಿಂತ ಎತ್ತರವಾದುದು ಕಿಟಕಿಯನ್ನು ದಾಟಿಕೊಳ್ಳುತ್ತದೆ, ಉಳಿದವು ಸೊರಗುತ್ತವೆ. ದಾಟಿದ ಮಿಡಿತದಲ್ಲಿಯೂ ಪ್ರಖರವಾದ ನಡು ಉಳಿಯುತ್ತದೆ, ಮಂಕಾದ ಅಂಚುಗಳು ಸವೆಯುತ್ತವೆ. ಮೊರದಲ್ಲಿ ರಾಗಿ ಕೇರುವುದನ್ನು ನೋಡಿದವರಿಗೆ ಇದು ಹೊಸದಲ್ಲ. ಒಂದೊಂದು ಸಲ ಎಸೆದಾಗಲೂ ಹೊಟ್ಟು ಹೊರಕ್ಕೆ, ಕಾಳು ಒಳಕ್ಕೆ. ಸೆಕೆಂಡಿಗೆ 2 ಕೋಟಿ ಸಲ ಕೇರುವ ಮೊರ ಇದು. 1990ರ ದಶಕದ ಆರಂಭದಲ್ಲಿ ಈ ವಿಧಾನ ಎಳೆ ಲೇಸರುಗಳಲ್ಲಿ ನೆಲೆಗೊಂಡಿತು.

ಆದರೆ ಈ ಮೊರಕ್ಕೆ ಮುಂಗೋಪ ಬಹಳ. ಎಳೆ ಎಲ್ಲಿಯಾದರೂ ತುಸು ಬಾಗಿದರೆ, ಕೋಣೆಯ ಬಿಸಿ ತುಸು ಏರಿದರೆ, ಗಾಜು ಒಂದು ದಿಕ್ಕಿನ ಓಲಾಟವನ್ನು ಬೇಗ, ಇನ್ನೊಂದನ್ನು ನಿಧಾನವಾಗಿ ಒಯ್ಯತೊಡಗುತ್ತದೆ. ವಾಲು ಕೆಡುತ್ತದೆ, ಮಿಡಿತ ನಿಂತುಹೋಗುತ್ತದೆ. ಅದನ್ನು ಮತ್ತೆ ಹದಕ್ಕೆ ತರಲು, ಎಳೆಯನ್ನು ಮೂರು ಪುಟ್ಟ ಚಕ್ರಗಳಿಗೆ ಸುತ್ತಿ, ನಮ್ಮ ತಂದೆಯವರು ಟ್ರಾನ್ಸಿಸ್ಟರನ್ನು ತಿರುಗಿಸುತ್ತಿದ್ದಂತೆ ಆ ಚಕ್ರಗಳನ್ನು ವಾಲಿಸುತ್ತ ಕೂರಬೇಕಂತೆ. ಒಮ್ಮೊಮ್ಮೆ ಇಡೀ ದಿನ ಅದರಲ್ಲೇ ಕಳೆಯುತ್ತದೆ ಎಂದಳು ಹುಡುಗಿ. ಇದರಲ್ಲಿಯೇ ಒಂದು ಸೋಜಿಗವೂ ಉಂಟು. ತಕ್ಕ ಹದದಲ್ಲಿ, ಬೇಗ ಓಡುವ ಓಲಾಟವೂ ನಿಧಾನದ್ದೂ ಒಂದನ್ನೊಂದು ಸೆರೆಹಿಡಿಯುತ್ತವೆ. ಒಂದರ ಪ್ರಭಾವದಿಂದ ಇನ್ನೊಂದರ ಬಣ್ಣ ಕೂದಲೆಳೆಯಷ್ಟು ಸರಿಯುತ್ತದೆ; ಗಾಜಿನಲ್ಲಿ ಬಣ್ಣ ಸರಿದರೆ ವೇಗವೂ ಬದಲಾಗುತ್ತದೆ. ಓಡುವುದು ತಡೆಯುತ್ತದೆ, ಹಿಂದೆ ಬಿದ್ದುದು ಚುರುಕಾಗುತ್ತದೆ. ಒಂದೇ ನೊಗದ ಜೋಡೆತ್ತುಗಳಂತೆ ಎರಡೂ ಜತೆಯಾಗಿ ಸಾಗುತ್ತವೆ. ಇದನ್ನು 1980ರ ದಶಕದ ಕೊನೆಯಲ್ಲಿ ಮೊದಲು ಗಣಿತದಿಂದ ಊಹಿಸಿ, ಬಳಿಕ ಪ್ರಯೋಗದಲ್ಲಿ ಕಂಡರು.

ಇಷ್ಟೆಲ್ಲ ಯಾತಕ್ಕೆ ಎಂದು ಕೇಳುವವರಿಗೆ ಕಣ್ಣಿನ ಮಾತನ್ನೇ ಹೇಳಬಹುದು. ಮಿಡಿತ ಅಷ್ಟು ಗಿಡ್ಡದಾದಾಗ, ಅದು ಮುಟ್ಟಿದ ಬಿಂದುವಿನ ಶಾಖ ಸುತ್ತಮುತ್ತ ಹರಡುವ ಮೊದಲೇ ಕೆಲಸ ಮುಗಿದಿರುತ್ತದೆ. ಆದ್ದರಿಂದ ಗಾಜು, ಲೋಹಗಳನ್ನಷ್ಟೇ ಅಲ್ಲ, ಕಣ್ಣಿನ ಪಾರದರ್ಶಕ ಪೊರೆಯನ್ನೂ ಸುಡದೆ ಕೊಯ್ಯಬಹುದು. ನನ್ನ ಪೊರೆಯ ಶಸ್ತ್ರಚಿಕಿತ್ಸೆಯ ಸಮಯದಲ್ಲಿ ವೈದ್ಯರು ಆ ಬಗೆಯ ಲೇಸರಿನ ವಿಷಯವನ್ನೂ ಹೇಳಿ, ಕೈಯಿಂದ ಮಾಡಿದರೂ ಫಲ ಹೆಚ್ಚುಕಡಿಮೆ ಅಷ್ಟೇ, ಖರ್ಚು ಮಾತ್ರ ಕಡಿಮೆ ಎಂದರು. ನಾನು ಕೈಯನ್ನೇ ನಂಬಿದೆ, ಕಾಣುತ್ತಿದೆ.

ಇಲ್ಲಿಯವರೆಗೆ ಬಂದ ಹೆಸರುಗಳೆಲ್ಲ ದೂರದವು. ಈಗ ಹತ್ತಿರದ ಒಂದು ಹೆಸರನ್ನು ಹೇಳಬೇಕು. ತಮಟೆಯ ಒಂದು ಪೆಟ್ಟಿಗೆ ನಾಗಸ್ವರದ ಎಳೆದ ಸ್ವರದಂತೆ ಖಚಿತವಾದ ಶ್ರುತಿಯಿಲ್ಲ. ಎಷ್ಟು ಗಿಡ್ಡ ಪೆಟ್ಟೊ, ಅಷ್ಟು ಹೆಚ್ಚು ಶ್ರುತಿಗಳು ಅದರಲ್ಲಿ ಬೆರೆತಿರುತ್ತವೆ. ಬೆಳಕೂ ಹಾಗೆಯೇ: ಮಿಡಿತ ಗಿಡ್ಡದಾದಷ್ಟೂ ಅದರಲ್ಲಿ ಹೆಚ್ಚು ಬಣ್ಣಗಳಿರಬೇಕು. ಓಲಾಟವನ್ನು ತಿರುಗಿಸುವ ಸ್ಫಟಿಕದ ಬಿಲ್ಲೆಯಾದರೊ ಒಂದು ಬಣ್ಣಕ್ಕೆ ಸರಿಯಾದರೆ ಇನ್ನೊಂದಕ್ಕೆ ತಪ್ಪುತ್ತದೆ. ಇಂಥ ಬಿಲ್ಲೆಗಳು ಮೂರನ್ನು ಗೊತ್ತಾದ ಕೋನಗಳಲ್ಲಿ ಜೋಡಿಸಿ, ಒಂದರ ತಪ್ಪನ್ನು ಇನ್ನೊಂದು ತಿದ್ದುವಂತೆ ಮಾಡುವ ಕ್ರಮವನ್ನು 1955ರಲ್ಲಿ ಎಸ್. ಪಂಚರತ್ನಂ ಎಂಬ ತರುಣ ತೋರಿಸಿಕೊಟ್ಟ. ಅವನು ಕೆಲಸ ಮಾಡುತ್ತಿದ್ದುದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ. ಮಂಡಿಕಲ್ಲಿನಲ್ಲಿ ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಮೊದಲೇ ತಲಪಬಹುದಾದ ಜಾಗ. ಸಿ. ವಿ. ರಾಮನ್ನರ ಸೋದರಳಿಯ, ವಯಸ್ಸು ಇಪ್ಪತ್ತೊಂದರ ಆಸುಪಾಸು. ಆಗ ಲೇಸರ್ ಹುಟ್ಟಿಯೇ ಇರಲಿಲ್ಲ. ಅದು ಬಂದುದು 1960ರಲ್ಲಿ.

ಮರುವರ್ಷ, 1956ರಲ್ಲಿ, ಪಂಚರತ್ನಂ ಇನ್ನೂ ಆಳವಾದ ಪ್ರಶ್ನೆಯೊಂದನ್ನು ಕೈಗೆತ್ತಿಕೊಂಡ. ಓಲಾಟದ ಬಗೆಯೇ ಬೇರೆಯಾಗಿರುವ ಎರಡು ಬೆಳಕುಗಳು ಹೆಜ್ಜೆ ಕೂಡಿಸಿವೆ ಎನ್ನುವುದು ಯಾವಾಗ? ಎರಡೂ ಬೆರೆತಾಗ ಕಾಂತಿ ಅತ್ಯಧಿಕವಾದರೆ ಹೆಜ್ಜೆ ಕೂಡಿದೆ ಎನ್ನೋಣ ಎಂದ. ಸರಿಯಾದ ಮಾತೇ. ಆದರೆ ಅದರಿಂದ ಹೊರಟ ಫಲ ವಿಚಿತ್ರವಾಗಿತ್ತು. ಮೊದಲನೆಯದು ಎರಡನೆಯದರೊಡನೆ ಹೆಜ್ಜೆ ಕೂಡಿಸಿದೆ, ಎರಡನೆಯದು ಮೂರನೆಯದರೊಡನೆ ಕೂಡಿಸಿದೆ ಎಂದಿಟ್ಟುಕೊಳ್ಳಿ. ಆದರೂ ಮೂರನೆಯದು ಮೊದಲನೆಯದರೊಡನೆ ಕೂಡಿಸಿರಬೇಕೆಂದಿಲ್ಲ! ಓಲಾಟದ ಎಲ್ಲ ಬಗೆಗಳನ್ನೂ ಒಂದು ಗೋಳದ ಮೇಲೆ ಗುರುತಿಸಬಹುದು: ನೇರವಾದವು ಅದರ ಸಮಭಾಜಕದ ಮೇಲೆ, ಪೂರ್ಣವೃತ್ತವಾಗಿ ಬಲಕ್ಕೂ ಎಡಕ್ಕೂ ಸುತ್ತುವವು ಅದರ ಎರಡು ಧ್ರುವಗಳಲ್ಲಿ, ಅಂಡಾಕಾರದವು ನಡುವೆ. ಮೂರು ಬೆಳಕುಗಳ ಮೂರು ಬಿಂದುಗಳಿಂದಾಗುವ ತ್ರಿಕೋನ ಎಷ್ಟು ವಿಸ್ತಾರವೊ, ಹೆಜ್ಜೆಯ ತಪ್ಪು ಅದರ ಅರ್ಧದಷ್ಟು ಎಂದು ಪಂಚರತ್ನಂ ಲೆಕ್ಕ ಹಾಕಿದ. ಬೆಳಕು ತನ್ನ ಓಲಾಟವನ್ನು ಬದಲಿಸುತ್ತ ಬದಲಿಸುತ್ತ ಹೊರಟ ಸ್ಥಿತಿಗೇ ಮರಳಿ ಬಂದರೂ, ಪ್ರದಕ್ಷಿಣೆ ಹಾಕಿ ಬಂದೆನೆಂಬುದರ ಗುರುತು ಅದರಲ್ಲಿ ಉಳಿದಿರುತ್ತದೆ.

ಈ ಬರಹ ಭಾರತೀಯ ವಿಜ್ಞಾನ ಅಕಾಡೆಮಿಯ ನಡಾವಳಿಗಳಲ್ಲಿ ಅಚ್ಚಾಯಿತು. ಹೊರಗಿನ ಲೋಕ ಅದನ್ನು ಗಮನಿಸಲಿಲ್ಲ. ಪಂಚರತ್ನಂ ಕೆಲವು ವರ್ಷ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳಿ, ಆಕ್ಸ್‌ಫರ್ಡಿಗೆ ಹೋಗಿ, 1969ರಲ್ಲಿ ಮೂವತ್ತೈದನೆಯ ವಯಸ್ಸಿನಲ್ಲಿ ಅಲ್ಲಿಯೇ ತೀರಿಕೊಂಡ. 1984ರಲ್ಲಿ ಇಂಗ್ಲೆಂಡಿನ ಮೈಕೇಲ್ ಬೆರ್ರಿಯವರು ಕ್ವಾಂಟಮ್ ಲೋಕದಲ್ಲಿ ಇಂಥದೇ ಪ್ರದಕ್ಷಿಣೆಯ ಗುರುತನ್ನು ಕಂಡು ಹೆಸರಾದರು. ಎರಡು ವರ್ಷಗಳ ಮೇಲೆ ಬೆಂಗಳೂರಿನ ಎಸ್. ರಾಮಶೇಷನ್ ಮತ್ತು ರಾಜಾರಾಂ ನಿತ್ಯಾನಂದ ಅವರು, ಇದು ನಮ್ಮ ಪಂಚರತ್ನಂ ಮೂವತ್ತು ವರ್ಷ ಹಿಂದೆ ಬೆಳಕಿನಲ್ಲಿ ಕಂಡದ್ದಲ್ಲವೆ ಎಂದು 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ತೋರಿಸಿದರು. ಬೆರ್ರಿಯವರು ಅದನ್ನು ತೆರೆದ ಮನಸ್ಸಿನಿಂದ ಒಪ್ಪಿ, 1987ರಲ್ಲಿ ಪಂಚರತ್ನಂ ಹೆಸರನ್ನೇ ಶೀರ್ಷಿಕೆಯಲ್ಲಿಟ್ಟು ಲೇಖನ ಬರೆದರು. ಈಗ ಆ ಗುರುತಿನ ಹೆಸರು ಪಂಚರತ್ನಂ-ಬೆರ್ರಿ ಪ್ರಾವಸ್ಥೆ. ಕಾಗದದಂತೆ ಚಪ್ಪಟೆಯಾದ ಮಸೂರಗಳನ್ನು ಅದರ ಬಲದಿಂದ ಮಾಡುತ್ತಿದ್ದಾರೆ. 2024ರ ಜನವರಿ 1ರಂದು ಗಗನಕ್ಕೇರಿದ ಎಕ್ಸ್‌ಪೋಸ್ಯಾಟ್ ಉಪಗ್ರಹದಲ್ಲಿ ಎಕ್ಸ್ ಕಿರಣಗಳ ಓಲಾಟವನ್ನು ಅಳೆಯುವ ಉಪಕರಣವನ್ನು ಕಟ್ಟಿದ್ದೂ ಅದೇ ರಾಮನ್ ಸಂಸ್ಥೆ.

ಈ ಕಥೆ ಕೇಳಿದ ರಾತ್ರಿ ನನಗೆ ಬೇಗ ನಿದ್ದೆ ಬರಲಿಲ್ಲ. ಮೈಸೂರಿನ ಯಾವುದೊ ಮೂಲೆಯ ಹಾಸುಗಲ್ಲಿನ ಶಾಸನದ ಒಂದಕ್ಷರಕ್ಕಾಗಿ ನಾವು ಕನ್ನಡದವರು ತಿಂಗಳುಗಟ್ಟಲೆ ವಾದ ಮಾಡಿದ್ದೇವೆ. ನಮ್ಮ ಪಕ್ಕದಲ್ಲೇ ನಡೆದ ಈ ಕೆಲಸದ ಬಗ್ಗೆ ನನ್ನ ತರಗತಿಯಲ್ಲಿ ಒಂದು ಮಾತೂ ಬರಲಿಲ್ಲ. ಅದು ಅಚ್ಚಾಗಿತ್ತು, ಕಪಾಟಿನಲ್ಲಿತ್ತು, ಓದುವ ಕಣ್ಣು ಆ ದಿಕ್ಕಿಗೆ ವಾಲಿರಲಿಲ್ಲ. ಹುಡುಗಿ ತಾಯಿಯ ಮುಂದೆ ಮೂಕಳಾದಳು ಎಂದರೆ ತಪ್ಪಿನ ಪಾಲು ಅವಳಿಗಿಂತ ನನ್ನಂಥವರದೇ ಹೆಚ್ಚು. ಪದಕೋಶದಲ್ಲಿ ಪದವನ್ನಿಟ್ಟು ಸುಮ್ಮನಾದೆವು. ಅದನ್ನು ಅಡಿಗೆಮನೆಯವರೆಗೆ ನಡೆಸಿಕೊಂಡು ಹೋಗಲಿಲ್ಲ.

ಮರುದಿನ ಅವರ ಮನೆಯ ಪಡಸಾಲೆಯಲ್ಲಿ ಹುಡುಗಿ ತಾಯಿಗೆ ಎಲ್ಲವನ್ನೂ ಹೇಳಿದಳು. ನಾನು ಪಕ್ಕದಲ್ಲಿ ಕುಳಿತಿದ್ದೆ. ಒಂದೆರಡು ಕಡೆ ಮಾತ್ರ ಬಾಯಿ ಹಾಕಿದೆ. ಹಗ್ಗ, ಮೊರ, ಜೋಡೆತ್ತು ಎಲ್ಲ ಬಂದವು. ತಾಯಿ ಕೊನೆಯವರೆಗೂ ಮಾತಿಲ್ಲದೆ ಕೇಳಿ, ಒಂದೇ ಕಡೆ ಹಿಡಿದು ನಿಲ್ಲಿಸಿದರು.

"ಅಷ್ಟು ಸಣ್ಣ ಎಳೆ ಕಡಿದ್ರೆ ಏನ್ಮಾಡ್ತೀಯ? ಗಂಟು ಹಾಕ್ತೀಯಾ?"

"ಗಂಟು ಹಾಕೋಕಾಗಲ್ಲಮ್ಮ. ಎರಡು ತುದೀನೂ ಎದುರುಬದುರು ಇಟ್ಟು, ಕಿಡಿ ಹಾರಿಸಿ, ಕರಗಿಸಿ ಕೂಡಿಸ್ತೀವಿ."

"ಕೂಡಿಸಿದ್ದು ಗೊತ್ತಾಗುತ್ತಾ?"

"ಚೆನ್ನಾಗಿ ಕೂಡಿದ್ರೆ ಒಳಗೆ ಹೋಗೋ ಬೆಳಕಿಗೂ ಅಷ್ಟಾಗಿ ಗೊತ್ತಾಗಲ್ಲ."

ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಬಳಿಕ ಮಗಳ ಕೈಯನ್ನು ತಮ್ಮ ಕೈಗೆ ತೆಗೆದುಕೊಂಡು ಬೆರಳುಗಳನ್ನು ಒಂದೊಂದಾಗಿ ನೋಡಿ, "ಕಿಡಿ ಅಂತೀಯ, ಕೈ ಸುಟ್ಕೋಬೇಡ" ಎಂದರು.